ಗೋಲ್ಡ್‌ಬರ್ಗ್ ವೇರಿಯೇಷನ್ಸ್: ಒಂದೇ ರೆಕಾರ್ಡಿಂಗ್‌ಗೆ ಅಂಟಿಕೊಂಡ ಕಿವಿಯನ್ನು ಬಿಡಿಸುವುದು ಹೇಗೆ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಪಾಶ್ಚಾತ್ಯ ಸಂಗೀತವನ್ನು ನಾನು ಕಲಿತವನಲ್ಲ, ನೊಟೇಶನ್ ಓದಲು ಬರುವುದಿಲ್ಲ. ಕೇಳುತ್ತೇನೆ, ಅಷ್ಟೇ.

ಆರು ವರ್ಷದ ಹಿಂದೆ ಗೆಳೆಯನೊಬ್ಬ ಪೆನ್‌ಡ್ರೈವ್‌ನಲ್ಲಿ ಒಂದು ಫೋಲ್ಡರ್ ಹಾಕಿಕೊಟ್ಟ. ಫೋಲ್ಡರಿನ ಹೆಸರು 'ಬಾಖ್ ಗೋಲ್ಡ್‌ಬರ್ಗ್', ಅಂದರೆ ಬಾಖ್ ಬರೆದ ಗೋಲ್ಡ್‌ಬರ್ಗ್ ವೇರಿಯೇಷನ್ಸ್. ಒಳಗೆ 32 ಫೈಲು. ಹೆಸರಿಲ್ಲ, ಬರೀ ನಂಬರು. ನುಡಿಸಿದ್ದು ಯಾರು ಅಂತ ಅವನಿಗೂ ಗೊತ್ತಿರಲಿಲ್ಲ, ಅವನಿಗೆ ಇನ್ಯಾರೋ ಕೊಟ್ಟಿದ್ದು. ಕೆಲಸ ಮುಗಿಸಿ ಬಂದು ದೀಪ ಆರಿಸಿ ಇಯರ್‌ಫೋನ್ ಹಾಕಿಕೊಂಡು ಕೇಳತೊಡಗಿದೆ. ಮೊದಲ ರಾತ್ರಿ ಪಿಯಾನೊ ನಡುವೆ ಯಾರೋ ಗುನುಗುತ್ತಿರುವ ಹಾಗೆ ಕೇಳಿಸಿತು. ಇಯರ್‌ಫೋನ್ ತೆಗೆದೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಮತ್ತೆ ಹಾಕಿಕೊಂಡೆ, ಮತ್ತೆ ಗುನುಗು. ಎದ್ದು ಹೋಗಿ ಬಾಗಿಲ ಚಿಲಕವನ್ನೂ ನೋಡಿ ಬಂದೆ. ಆಮೇಲೆ ತಿಳಿಯಿತು, ಅದು ರೆಕಾರ್ಡಿಂಗ್ ಒಳಗೇ ಇದೆ. ಅಲ್ಲಲ್ಲಿ ಕುರ್ಚಿ ಕಿರ್ ಅನ್ನುವುದೂ ಇದೆ. ಮೊದಮೊದಲು ರೆಕಾರ್ಡಿಂಗ್ ಕೆಟ್ಟಿದೆ ಅಂದುಕೊಂಡಿದ್ದೆ. ಈಗ ಆ ಗುನುಗು ಇಲ್ಲದಿದ್ದರೆ ನನಗೆ ಆಗುವುದೇ ಇಲ್ಲ.

ಸಮಸ್ಯೆ ಅದೇ. ಹೋದ ತಿಂಗಳು ಬೇರೆಯವರು ನುಡಿಸಿದ್ದನ್ನು ಕೇಳೋಣ ಅಂತ ಹೊರಟೆ. ಮೊದಲು ಸಿಕ್ಕಿದ್ದೂ ಪಿಯಾನೊವೇ. ಪ್ರತಿ ತುಣುಕನ್ನೂ ಎರಡೆರಡು ಸಲ ನುಡಿಸುತ್ತಾರೆ. ಐದನೆಯದಕ್ಕೆ ಬಿಟ್ಟೆ. ಆಮೇಲೆ ಹಾರ್ಪ್ಸಿಕಾರ್ಡ್ ಹಾಕಿದೆ, ಪಿಯಾನೊಗಿಂತ ಹಳೆಯ ಕೀಲಿವಾದ್ಯ ಅದು. ಕ್ಷಮಿಸಿ, ತಗಡಿನ ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಕೇಳಿತು. ನಾಲ್ಕು ನಿಮಿಷ ತಡೆದುಕೊಂಡೆ.

ನನ್ನ ಹತ್ತಿರ ಇರುವುದರಲ್ಲಿ ಒಂದು ಸೊಗಸು ಇದೆ. ಮೊದಲಿಗೆ ಬರುವ ಆ ನಿಧಾನದ ರಾಗ ಮುಕ್ಕಾಲು ಭಾಗ ಆದ ಮೇಲೆ ಮತ್ತೆ ಬರುತ್ತದೆ. ಮುಗಿಯಿತು ಅನ್ನಿಸುತ್ತದೆ. ಮುಗಿದಿರುವುದಿಲ್ಲ, ಇನ್ನೂ ಆರು ತುಣುಕು ಬರುತ್ತವೆ. ಕೊನೆಯದು ಓಡೋಡಿ ಬಂದು ಟಕ್ ಅಂತ ನಿಂತುಬಿಡುತ್ತದೆ. ಮುಗಿಸದೆಯೇ ಮುಗಿಸಿದ ಹಾಗೆ. ಬೇರೆಯವರಲ್ಲಿ ಈ ಸೊಗಸೇ ಕಾಣಲಿಲ್ಲ.

ಇದು ಯಾರು ನುಡಿಸಿದ್ದು? ನನ್ನ ಕಿವಿ ಕೆಟ್ಟಿದೆಯಾ? ಮುಂದೆ ಏನು ಕೇಳಲಿ?

ಹಳೇತಟ್ಟೆ:

ಗುನುಗು, ಕುರ್ಚಿ, ಪಿಯಾನೊ. ಇನ್ನು ಯೋಚಿಸುವುದು ಏನಿದೆ? ಅದು ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್. ಚಿಕ್ಕಂದಿನಲ್ಲಿ ಅಮ್ಮನೇ ಪಿಯಾನೊ ಕಲಿಸಿದ್ದು, ನುಡಿಸುವುದನ್ನು ಹಾಡಿಕೋ ಅಂತ ಹೇಳಿಕೊಟ್ಟಿದ್ದರಂತೆ. ಆ ಅಭ್ಯಾಸ ಕೊನೆಯವರೆಗೂ ಬಿಡಲಿಲ್ಲ. ಕುರ್ಚಿಯ ಕಥೆಯೂ ಉಂಟು. ಮಡಚುವ ಕುರ್ಚಿಯೊಂದರ ಕಾಲನ್ನು ಅವನ ಅಪ್ಪ ಕತ್ತರಿಸಿ ತಗ್ಗು ಮಾಡಿಕೊಟ್ಟರು. ಜೀವಮಾನವೆಲ್ಲ ಅದನ್ನೇ ಹೊತ್ತು ತಿರುಗಿದ. ನಿಮಗೆ ಕೇಳಿಸುವ ಕಿರ್ ಅದರದ್ದೇ.

ಆದರೆ ಗೂಲ್ಡ್ ಇದನ್ನು ಸ್ಟುಡಿಯೋದಲ್ಲಿ ಎರಡು ಸಲ ನುಡಿಸಿದ್ದಾನೆ, 1955ರಲ್ಲಿ ಒಮ್ಮೆ, 1981ರಲ್ಲಿ ಒಮ್ಮೆ. ಪತ್ತೆ ಹಚ್ಚುವುದು ಸುಲಭ. ಮೊದಲ ಫೈಲು, ಅದಕ್ಕೆ ಆರಿಯಾ ಅನ್ನುತ್ತಾರೆ, ಎಷ್ಟು ಹೊತ್ತು ಇದೆ ನೋಡಿ. ಎರಡು ನಿಮಿಷದೊಳಗೆ ಮುಗಿದರೆ 1955. ಮೂರು ನಿಮಿಷ ದಾಟಿದರೆ 1981.

ರಾತ್ರಿಪಾಳಿ:

ಮೂರು ನಿಮಿಷ, ಮೇಲೆ ಒಂದಿಷ್ಟು ಸೆಕೆಂಡು! ಹಾಗಾದರೆ 1981. ಆರು ವರ್ಷದ ಮೇಲೆ ಹೆಸರು ಗೊತ್ತಾಯಿತು. ಥ್ಯಾಂಕ್ಸ್ ಸರ್.

ಹಳೇತಟ್ಟೆ:

ಸರಿ, ಈಗ ನಿಮ್ಮ ಕಿವಿಯ ವಿಚಾರ. ಕೆಟ್ಟಿಲ್ಲ. ಮೊದಲು ಕೇಳಿದ್ದೇ ಸರಿ, ಉಳಿದದ್ದೆಲ್ಲ ತಪ್ಪು ಅನ್ನಿಸುವುದು ನಮ್ಮೆಲ್ಲರಿಗೂ ಆಗಿದೆ. ನನ್ನದನ್ನು ಹೇಳುತ್ತೇನೆ. ವಿವಾಲ್ಡಿಯ ನಾಲ್ಕು ಋತುಗಳನ್ನು ನಾನು ಕಲಿತದ್ದು ಇ ಮ್ಯೂಸಿಚಿ ತಂಡದ 1959ರ ತಟ್ಟೆಯಿಂದ, ಫೆಲಿಕ್ಸ್ ಆಯೋ ಪಿಟೀಲು. ಬೆಣ್ಣೆಯಂಥ ನಾದ. ಎಷ್ಟೋ ವರ್ಷದ ಮೇಲೆ ಇಲ್ ಜಿಯಾರ್ದಿನೊ ಆರ್ಮೋನಿಕೊ ತಂಡದ್ದನ್ನು ಹಾಕಿದೆ. 'ವಸಂತ'ದ ಎರಡನೆಯ ಭಾಗದಲ್ಲಿ ಪಿಟೀಲು ಮೆಲ್ಲಗೆ ಹಾಡುತ್ತಿದೆ, ಕೆಳಗೆ ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡದು) ಗರ್ ಗರ್ ಅಂತ ಉಜ್ಜುತ್ತಿದೆ. ಸಿಟ್ಟೇ ಬಂತು. ಇಂಥ ಚಂದದ ರಾಗವನ್ನು ಯಾಕೆ ಹೀಗೆ ಕೆಡಿಸಿದರು ಅಂತ ಬೈದುಕೊಂಡು ಎದ್ದೆ. ಆಮೇಲೆ ಸ್ಕೋರು, ಅಂದರೆ ಬರೆದ ಸ್ವರಲಿಪಿ, ನೋಡಿದರೆ ವಿವಾಲ್ಡಿಯೇ ಆ ವಯೋಲಾ ಸಾಲಿನ ಮೇಲೆ ಬೊಗಳುವ ನಾಯಿ ಅಂತ ಬರೆದಿಟ್ಟಿದ್ದಾನೆ. ಆಡು ಕಾಯುವವನು ಮಲಗಿದ್ದಾನೆ, ಪಕ್ಕದಲ್ಲಿ ಅವನ ನಾಯಿ. ನಾನು ಅಷ್ಟು ವರ್ಷ ನಾಯಿಯೇ ಇಲ್ಲದ ವಸಂತವನ್ನು ಕೇಳಿಕೊಂಡು ಬಂದಿದ್ದೆ!

ನನ್ನ ಸಲಹೆ ಇಷ್ಟು. ಒಂದೇ ಸಲ ದೂರಕ್ಕೆ ಹಾರಬೇಡಿ. ಅದೇ ಗೂಲ್ಡ್‌ನ 1955ರದನ್ನು ಮೊದಲು ಕೇಳಿ. ಆಗ ಅವನಿಗೆ 22 ವರ್ಷ. ಇಡೀ ಕೃತಿ 38 ನಿಮಿಷಕ್ಕೆ ಮುಗಿಯುತ್ತದೆ, ನಿಮ್ಮದಕ್ಕೆ 51 ನಿಮಿಷ ಬೇಕು. ಊರಿನಿಂದ ಬಂದ ಹುಡುಗ ಹೊಸ ಸೈಕಲ್ ತೋರಿಸಲು ಹೊರಟ ಹಾಗಿದೆ, ಕೈ ಬಿಟ್ಟು ಓಡಿಸುತ್ತಾನೆ. 1981ರದು ಲೆಕ್ಕ ಹಾಕಿ ಇಟ್ಟ ಹೆಜ್ಜೆ. ಆದರೆ ವಯಸ್ಸಾದ ಮೇಲೆ ಎಲ್ಲವನ್ನೂ ನಿಧಾನ ಮಾಡಿದ ಅಂದುಕೊಳ್ಳಬೇಡಿ. ಇಡೀ ಕೃತಿಯಲ್ಲಿ ತೀರಾ ನಿಧಾನದ್ದು 25ನೆಯ ವೇರಿಯೇಷನ್ (ಆರಿಯಾವನ್ನು ಆಧರಿಸಿ ಕಟ್ಟಿದ ಒಂದೊಂದು ತುಣುಕಿಗೂ ಈ ಹೆಸರು). ಅದು ಹುಡುಗ ನುಡಿಸಿದ್ದರಲ್ಲೇ ಇನ್ನೂ ಉದ್ದ ಇದೆ. ತನ್ನ ಆ ಹಳೆಯ 25ನೆಯದು ಗೂಲ್ಡ್‌ಗೆ ಆಮೇಲೆ ಹಿಡಿಸಲಿಲ್ಲ. ಶೋಪನ್‌ನ ನಾಕ್ಟರ್ನ್, ಅಂದರೆ ರಾತ್ರಿಯ ಭಾವದ ಪಿಯಾನೊ ತುಣುಕಿನ ಥರ ಕೇಳುತ್ತದೆ ಅಂದ. ನನಗೇನೋ ಅದೇ ಇಷ್ಟ, ಏನು ಮಾಡಲಿ.

ಎರಡನೆಯದನ್ನು ನುಡಿಸಿ ತಟ್ಟೆ ಹೊರಗೆ ಬಂದ ಕೆಲವೇ ದಿನಕ್ಕೆ, 1982ರ ಅಕ್ಟೋಬರ್ 4ರಂದು, ತೀರಿಕೊಂಡ. ಆಗ 50 ವರ್ಷ. ಇದು ಗೊತ್ತಾದ ಮೇಲೆ ಜನ ಆ ಆರಿಯಾವನ್ನು ಬೇರೆ ಥರ ಕೇಳುತ್ತಾರೆ. ನೀವು ಗೊತ್ತಿಲ್ಲದೆಯೇ ಆರು ವರ್ಷ ಕೇಳಿದ್ದು ಒಳ್ಳೆಯದೇ ಆಯಿತು.

1955ರದು ಪಳಗಿದ ಮೇಲೆ ಮರ್ರಿ ಪೆರಾಯಾ ನುಡಿಸಿದ 2000ದ ರೆಕಾರ್ಡಿಂಗ್ ಹಾಕಿ. ಕೈಬೆರಳಿನ ತೊಂದರೆಯಿಂದ ನುಡಿಸುವುದನ್ನೇ ನಿಲ್ಲಿಸಬೇಕಾಗಿ ಬಂದಾಗ ಅವರು ಬಾಖ್‌ನ ಸ್ಕೋರುಗಳನ್ನು ಹಿಡಿದು ಕೂತಿದ್ದರು. ಅಷ್ಟು ದಿನ ಮನಸ್ಸಿನಲ್ಲೇ ನುಡಿಸಿಕೊಂಡದ್ದು ಆ ತಟ್ಟೆಯಲ್ಲಿ ಕೇಳುತ್ತದೆ ಅಂತ ನನ್ನ ನಂಬಿಕೆ. ಇನ್ನು ಎರಡೆರಡು ಸಲ ನುಡಿಸುತ್ತಾರೆ ಅಂದಿರಲ್ಲ, ಅದು ಬಾಖ್ ಬರೆದದ್ದೇ. ಪ್ರತಿ ವೇರಿಯೇಷನ್‌ಗೂ ಎರಡು ಅರ್ಧ, ಪ್ರತಿ ಅರ್ಧವನ್ನೂ ಮತ್ತೊಮ್ಮೆ ನುಡಿಸಬೇಕು. ಹೆಚ್ಚಿನವನ್ನು ಬಿಟ್ಟವನು ಗೂಲ್ಡ್. ಎರಡನೆಯ ಸಲ ಬರುವಾಗ ಎಡಗೈ ಕಡೆ ಕಿವಿ ಕೊಡಿ. ಪೆರಾಯಾ ಅಲ್ಲಿ ಏನಾದರೊಂದು ಬದಲಿಸಿರುತ್ತಾರೆ.

ಗರಿಮೀಟು:

ತಗಡಿನ ಡಬ್ಬ! ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ರಾತ್ರಿಪಾಳಿ ಅವರೇ, ಮೊದಲು ಒಂದು ಅನುಮಾನ ಬಗೆಹರಿಸಿ. ಮೊದಲಿನ ರಾಗ ಮತ್ತೆ ಬಂದ ಮೇಲೂ ಆರು ತುಣುಕು ಇದೆ ಅಂದಿರಿ. ಗೋಲ್ಡ್‌ಬರ್ಗ್‌ನಲ್ಲಿ ಹಾಗೆ ಇಲ್ಲ. ಆರಿಯಾ, 30 ವೇರಿಯೇಷನ್, ಮತ್ತೆ ಆರಿಯಾ, ಅಲ್ಲಿಗೆ ಮುಗಿಯಿತು. ಯಾವ ಪುಣ್ಯಾತ್ಮನೂ ಅದರ ಮೇಲೆ ಆರು ನುಡಿಸಿಲ್ಲ. ನಿಮ್ಮ ಫೈಲುಗಳ ನಂಬರು 1, 2, 3 ಅಂತ ಇದೆಯೋ, 01, 02, 03 ಅಂತ ಇದೆಯೋ?

ರಾತ್ರಿಪಾಳಿ:

1, 2, 3 ಅಂತ ಇದೆ. ಯಾಕೆ?

ಗರಿಮೀಟು:

ಅಯ್ಯೋ ದೇವರೇ.

ನಿಮ್ಮ ಪ್ಲೇಯರು ಆ ನಂಬರನ್ನು ಅಕ್ಷರದ ಹಾಗೆ ಓದುತ್ತಿದೆ. 1 ಆದ ಮೇಲೆ 2 ಬರುವುದಿಲ್ಲ, 10 ಬರುತ್ತದೆ. ಹಾಗೇ 19ರವರೆಗೆ ಹೋಗಿ, ಆಮೇಲೆ 2, ಆಮೇಲೆ 20ರಿಂದ 29, ಆಮೇಲೆ 3, 30, 31, 32. ಕೊನೆಗೆ 4ರಿಂದ 9. ಲೆಕ್ಕ ಹಾಕಿ ನೋಡಿ. 32ನೆಯ ಫೈಲು ಅಂದರೆ ತಿರುಗಿ ಬರುವ ಆರಿಯಾ. ಅದಾದ ಮೇಲೆ ಸರಿಯಾಗಿ ಆರು ಫೈಲು ಉಳಿಯುತ್ತವೆ. ನೀವು 'ಓಡೋಡಿ ಬಂದು ಟಕ್ ಅಂತ ನಿಲ್ಲುತ್ತದೆ' ಅಂದಿದ್ದು 9ನೆಯ ಫೈಲು, ಅಂದರೆ 8ನೆಯ ವೇರಿಯೇಷನ್. ಪಾಪ, ಅದಕ್ಕೆ ಅಲ್ಲಿ ಮುಗಿಸುವ ಉದ್ದೇಶವೇ ಇಲ್ಲ.

ಆರು ವರ್ಷ ಕಲಸಿದ ಇಸ್ಪೀಟ್ ಎಲೆಯ ಹಾಗೆ ಕೇಳಿದ್ದೀರಿ ಸ್ವಾಮಿ. ಬೇರೆಯವರದ್ದು ತಪ್ಪು ಅನ್ನಿಸಿದ್ದರಲ್ಲಿ ಅರ್ಧ ಕಾರಣ ಇದೇ ಇರಬೇಕು.

ಹಳೇತಟ್ಟೆ:

ನಾನು ಆ ಸಾಲನ್ನು ಓದಿಯೂ ಮುಂದೆ ಹೋಗಿದ್ದೆ. ಏನೋ ಕಾವ್ಯವಾಗಿ ಬರೆದಿದ್ದಾರೆ ಅಂದುಕೊಂಡೆ.

ಇದು ಬೇರೆ ಯಾರ ರೆಕಾರ್ಡಿಂಗ್ ಆಗಿದ್ದರೂ ಹೋಗಲಿ ಅನ್ನಬಹುದಿತ್ತು. 1981ರಲ್ಲಿ ಗೂಲ್ಡ್ ತಲೆ ಕೆಡಿಸಿಕೊಂಡದ್ದೇ ಒಂದರಿಂದ ಮುಂದಿನದಕ್ಕೆ ಹೋಗುವುದರ ಬಗ್ಗೆ. ಒಂದು ವೇರಿಯೇಷನ್ನಿನ ಲಯಕ್ಕೂ ಮುಂದಿನದರ ಲಯಕ್ಕೂ ಲೆಕ್ಕದ ನಂಟು ಇಟ್ಟಿದ್ದಾನೆ. ಒಂದು ಮುಗಿದು ಇನ್ನೊಂದು ಶುರುವಾಗುವಾಗ ಒಳಗಿನ ಎಣಿಕೆ ತಪ್ಪದ ಹಾಗೆ. 10ರಿಂದ 19ರ ಒಳಗೆ, 20ರಿಂದ 29ರ ಒಳಗೆ ನಿಮಗೆ ಅದು ಸಿಕ್ಕಿದೆ. ಆದರೆ ಶುರುವಿನಲ್ಲೇ ತಪ್ಪಿಹೋಗಿದೆ. ಆರಿಯಾ ತೀರಾ ಮೆಲ್ಲಗೆ ಆರಿಹೋಗುತ್ತದೆ, ಆ ಮೌನದ ಮೇಲೆ ಮೊದಲ ವೇರಿಯೇಷನ್ ಎರಡೂ ಕೈಯಿಂದ ಗಟ್ಟಿಯಾಗಿ ಬಂದು ಬೀಳುತ್ತದೆ. ನಾನಾದರೆ ಅದನ್ನು ಕೇಳಲು ಈಗಲೇ ಎದ್ದು ಹೋಗುತ್ತಿದ್ದೆ.

ಗರಿಮೀಟು:

ಇನ್ನೊಂದನ್ನೂ ಕಳೆದುಕೊಂಡಿದ್ದೀರಿ. ಮೂರನೆಯದು, ಆರನೆಯದು, ಒಂಬತ್ತನೆಯದು, ಹೀಗೆ 27ರವರೆಗೆ ಪ್ರತಿ ಮೂರನೆಯದು ಒಂದು ಕ್ಯಾನನ್. ಅಂದರೆ ಒಂದು ದನಿ ಶುರು ಮಾಡಿದ್ದನ್ನೇ ಇನ್ನೊಂದು ದನಿ ಸ್ವಲ್ಪ ತಡವಾಗಿ ಹಿಂಬಾಲಿಸುವುದು. ಮೂರನೆಯದರಲ್ಲಿ ಎರಡೂ ಒಂದೇ ಸ್ವರದಿಂದ ಹೊರಡುತ್ತವೆ. ಆರನೆಯದರಲ್ಲಿ ಒಂದು ಸ್ವರದ ಅಂತರ, ಒಂಬತ್ತನೆಯದರಲ್ಲಿ ಎರಡು ಸ್ವರದ್ದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಂತರ ದೊಡ್ಡದಾಗುತ್ತಾ ಹೋಗುತ್ತದೆ. 30ರಲ್ಲೂ ಕ್ಯಾನನ್ ಬರುತ್ತದೆ ಅಂತ ಕಾಯುತ್ತಿದ್ದರೆ ಬಾಖ್ ಕೈಕೊಡುತ್ತಾನೆ. ಆಗಿನ ಹಾಡುಗಳನ್ನು ತಂದು ಒಟ್ಟಿಗೆ ಹೆಣೆದುಬಿಡುತ್ತಾನೆ. ಅದರಲ್ಲೊಂದು ಕೋಸು, ಟರ್ನಿಪ್ ತಿಂದು ಬೇಸತ್ತವನ ಹಾಡು! ಆ ನಗು ಆರುವ ಮೊದಲೇ ಆರಿಯಾ. ನಿಮಗೆ ಮೆಟ್ಟಿಲಿನ ಮೊದಲ ಎರಡು ಹಲಗೆ ಎಲ್ಲ ಮುಗಿದ ಮೇಲೆ ಸಿಕ್ಕಿವೆ.

ಈಗ ತಗಡಿನ ಡಬ್ಬ. ಎಷ್ಟು ವಾಲ್ಯೂಮ್ ಇಟ್ಟು ಕೇಳಿದಿರಿ? ಪಿಯಾನೊಗೆ ಇಟ್ಟಷ್ಟೇ ಇಟ್ಟಿರುತ್ತೀರಿ, ಬರೆದು ಕೊಡುತ್ತೇನೆ. ಎಲ್ಲರೂ ಮಾಡುವ ತಪ್ಪು ಅದು. ಹಾರ್ಪ್ಸಿಕಾರ್ಡ್ ನಿಜವಾಗಿ ಮೆಲ್ಲನೆಯ ವಾದ್ಯ. ಒಳಗೆ ಸಣ್ಣ ಗರಿ ತಂತಿಯನ್ನು ಮೀಟುತ್ತದೆ, ಪಿಯಾನೊದ ಹಾಗೆ ಸುತ್ತಿಗೆ ಹೊಡೆಯುವುದಿಲ್ಲ. ರೆಕಾರ್ಡ್ ಮಾಡುವವರು ಮೈಕನ್ನು ತೀರಾ ಹತ್ತಿರ ಇಟ್ಟರೆ ಆ ಮೀಟುವ ಸದ್ದೇ ಕಿವಿಗೆ ಚುಚ್ಚುತ್ತದೆ. ವಾಲ್ಯೂಮನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ. ಪಕ್ಕದ ಕೋಣೆಯಲ್ಲಿ ಯಾರೋ ನುಡಿಸುತ್ತಿದ್ದಾರೆ ಅನ್ನುವಷ್ಟು. ಐದು ನಿಮಿಷದಲ್ಲಿ ಕಿವಿ ತಾನೇ ಹತ್ತಿರ ಹೋಗುತ್ತದೆ.

ಇಲ್ಲಿ ಕೀಲಿಯನ್ನು ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಸದ್ದು ಹೆಚ್ಚು ಕಡಿಮೆ ಅಷ್ಟೇ. ಹಾಗಾದರೆ ಒಂದು ಸ್ವರಕ್ಕೆ ತೂಕ ಕೊಡುವುದು ಹೇಗೆ? ಕೂದಲೆಳೆಯಷ್ಟು ತಡ ಮಾಡಿ ಮೀಟುತ್ತಾರೆ. ಇಲ್ಲವೇ ಹಿಂದಿನ ಸ್ವರವನ್ನು ಸ್ವಲ್ಪ ಬೇಗ ಬಿಡುತ್ತಾರೆ. ಆ ಸಣ್ಣ ತಡವನ್ನು ಒಮ್ಮೆ ಹಿಡಿದರೆ ಹಾರ್ಪ್ಸಿಕಾರ್ಡ್ ಅರ್ಥವಾದ ಹಾಗೆ. ಪಿಯೆರ್ ಆಂತಾಯ್ ನುಡಿಸಿದ 1992ರದರಿಂದ ಶುರು ಮಾಡಿ. ಒಳ್ಳೆ ಹುರುಪು ಇದೆ, ಒಣಕಲು ಅಲ್ಲ. ಅವರ ಗುರು ಗುಸ್ತಾವ್ ಲಿಯೊನ್‌ಹಾರ್ಟ್ ಇದನ್ನು ಮೂರು ಸಲ ರೆಕಾರ್ಡ್ ಮಾಡಿದ್ದಾರೆ. ಅದು ಆಮೇಲೆ, ಸ್ವಲ್ಪ ಗಂಭೀರ. ವಾಂಡಾ ಲ್ಯಾಂಡೋವ್ಸ್ಕಾ 1933ರಲ್ಲಿ ನುಡಿಸಿದ್ದೂ ಸಿಗುತ್ತದೆ. ಅವರ ಪ್ಲೆಯೆಲ್ ವಾದ್ಯ ಕಬ್ಬಿಣದ ಚೌಕಟ್ಟಿನ ಭಾರೀ ಯಂತ್ರ, ಬಾಖ್ ಕಂಡಿದ್ದರೆ ಗುರುತೇ ಹಿಡಿಯುತ್ತಿರಲಿಲ್ಲ. ಆದರೂ ಕೇಳಿ.

ಇನ್ನೊಂದು ಮಾತು. ಹನ್ನೊಂದು ವೇರಿಯೇಷನ್‌ಗಳ ಮೇಲೆ ಬಾಖ್ ಎರಡು ಸಾಲು ಕೀಲಿ ಬೇಕು ಅಂತ ಬರೆದಿದ್ದಾನೆ. ನಿಮ್ಮ ಆ 8ನೆಯದೂ ಅದರಲ್ಲಿ ಒಂದು. ಪಿಯಾನೊದಲ್ಲಿ ಒಂದೇ ಸಾಲು. ಎರಡು ಕೈಯೂ ಒಂದೇ ಜಾಗಕ್ಕೆ ಬಂದು ಬೆರಳು ಬೆರಳು ಸಿಕ್ಕಿಕೊಳ್ಳುತ್ತವೆ. ಹಾರ್ಪ್ಸಿಕಾರ್ಡ್‌ನಲ್ಲಿ ಒಂದು ಕೈ ಮೇಲಿನ ಸಾಲು, ಒಂದು ಕೈ ಕೆಳಗಿನ ಸಾಲು. ನಾದವೂ ಬೇರೆ ಬೇರೆ. ಶ್ರುತಿ ಅರ್ಧ ಸ್ವರ ತಗ್ಗಿದೆ ಅನ್ನಿಸಿದರೆ ಗಾಬರಿಯಾಗಬೇಡಿ, ಬಾಖ್ ಕಾಲದ ಬರೋಕ್ ವಾದ್ಯದವರು ಸಾಮಾನ್ಯವಾಗಿ 440 ಹರ್ಟ್ಸ್ ಬದಲು 415ಕ್ಕೆ ಶ್ರುತಿ ಮಾಡುತ್ತಾರೆ.

ಅರೆನಿದ್ದೆ:

ಇಬ್ಬರು ಪಂಡಿತರೂ ಸೇರಿ ಆ ಮನುಷ್ಯನ ಆರು ವರ್ಷದ ನೆಮ್ಮದಿ ಕೆಡಿಸಿದಿರಿ. ರಾತ್ರಿ ಕೇಳುವವರಿಗೆ ಕ್ರಮ ಯಾಕೆ ಬೇಕು? ನಿದ್ದೆ ಬಾರದ ಒಬ್ಬ ಕೌಂಟ್‌ಗೋಸ್ಕರ ಇದನ್ನು ಬರೆದದ್ದು, ಗೋಲ್ಡ್‌ಬರ್ಗ್ ಅನ್ನುವ ಹುಡುಗ ರಾತ್ರಿ ಹೊತ್ತು ನುಡಿಸುತ್ತಿದ್ದ ಅಂತಲ್ಲವೇ ಕಥೆ? ಅವನೂ ಆ ರಾತ್ರಿಗೆ ಬೇಕಾದದ್ದನ್ನು ಆರಿಸಿಕೊಂಡೇ ನುಡಿಸಿರುತ್ತಾನೆ.

ಗರಿಮೀಟು:

ಆ ಕಥೆ ಬಂದದ್ದು ಫೋರ್ಕೆಲ್ 1802ರಲ್ಲಿ ಬರೆದ ಬಾಖ್‌ನ ಜೀವನಚರಿತ್ರೆಯಿಂದ. ಕೃತಿ ಅಚ್ಚಾದದ್ದು 1741ರಲ್ಲಿ. ಅದರ ಮುಖಪುಟದಲ್ಲಿ ಕೌಂಟ್‌ಗೆ ಅರ್ಪಣೆಯ ಒಂದು ಅಕ್ಷರವೂ ಇಲ್ಲ. ಗೋಲ್ಡ್‌ಬರ್ಗ್‌ಗೆ ಆಗ 14 ವರ್ಷ. ನಾನಂತೂ ನಂಬುವುದಿಲ್ಲ.

ಅರೆನಿದ್ದೆ:

ನೀವು ನಂಬದಿದ್ದರೂ ಕಥೆ ಚೆನ್ನಾಗಿದೆ.

ರಾತ್ರಿಪಾಳಿ ಅವರೇ, ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗದಿರುವುದೇ ನಿಮಗೆ ಇಷ್ಟ ಅಂದಿರಿ. ಬಾಖ್‌ನಲ್ಲಿ ಅದು ಫೈಲು ಮಾಡಿದ ಕಿತಾಪತಿ. ಹೈಡನ್ ಬೇಕೆಂದೇ ಮಾಡಿದ್ದಾನೆ. ಓಪಸ್ 33ರ ಎರಡನೆಯ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯದ ಕೃತಿ), 1781ರದು, ಅದಕ್ಕೆ ಅಡ್ಡಹೆಸರೇ ಜೋಕ್. ಕ್ವಾಟುವಾರ್ ಮೊಸಾಯಿಕ್ ತಂಡದ್ದು ಹುಡುಕಿ. ಕರುಳಿನ ತಂತಿ, ಸಣ್ಣ ನಾದ, ರಾತ್ರಿಗೆ ಹಿತವಾಗಿರುತ್ತದೆ. ಅದರ ನಾಲ್ಕನೆಯ ಭಾಗದಲ್ಲಿ ಏನಿದೆ ಅಂತ ನಾನು ಹೇಳುವುದಿಲ್ಲ. ಇಲ್ಲಿ ಯಾರೂ ಹೇಳಬೇಡಿ, ಪ್ಲೀಸ್.

ಹಳೇತಟ್ಟೆ:

ಹೇಳುವುದಿಲ್ಲ. ಬಾಖ್ ಕಡೆ ನನ್ನದೊಂದು ಕೊನೆಯ ಸಲಹೆ ಸೇರಿಸುತ್ತೇನೆ. ದಿಮಿತ್ರಿ ಸಿಟ್ಕೊವೆಟ್ಸ್ಕಿ ಅನ್ನುವವರು ಗೂಲ್ಡ್ ನೆನಪಿಗೆ ಇಡೀ ಗೋಲ್ಡ್‌ಬರ್ಗನ್ನು ಪಿಟೀಲು, ವಯೋಲಾ, ಚೆಲ್ಲೊಗೆ ಹೊಂದಿಸಿದರು. ಕ್ಯಾನನ್‌ನಲ್ಲಿ ಯಾವ ದನಿ ಯಾರ ಹಿಂದೆ ಹೋಗುತ್ತಿದೆ ಅನ್ನುವುದು ಪಿಯಾನೊದಲ್ಲಿ ಗೊತ್ತಾಗದಿದ್ದರೆ ಅಲ್ಲಿ ಗೊತ್ತಾಗುತ್ತದೆ. ಮೂರು ಜನ, ಮೂರು ದನಿ. ಹಾರ್ಪ್ಸಿಕಾರ್ಡ್ ಭಯ ಇರುವವರಿಗೆ ಒಳ್ಳೆಯ ದಾರಿ. ಗರಿಮೀಟು ಬೈಯಬಾರದು.

ಗರಿಮೀಟು:

ಬೈಯುತ್ತೇನೆ. ಆದರೆ ನನ್ನ ಹತ್ತಿರವೂ ಅದು ಇದೆ.

ರಾತ್ರಿಪಾಳಿ:

ಎರಡು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಒಂಬತ್ತು ಫೈಲುಗಳ ಹೆಸರಿನ ಮೊದಲಿಗೆ ಸೊನ್ನೆ ಹಾಕಿದೆ. ಎರಡು ನಿಮಿಷದ ಕೆಲಸ. ಮಾಡುವಾಗ ಯಾಕೋ ಕೈ ಹಿಂಜರಿಯಿತು. ಹಳೆಯ ಫೋಲ್ಡರನ್ನು ಹಾಗೇ ಇಟ್ಟು ನಕಲು ಮಾಡಿಯೇ ಬದಲಿಸಿದೆ. ಆರಿಯಾ ಆದ ಮೇಲೆ ಬರುವ ಮೊದಲ ವೇರಿಯೇಷನ್‌ಗೆ ಬೆಚ್ಚಿಬಿದ್ದೆ. ಅದನ್ನು ನೂರಾರು ಸಲ ಕೇಳಿದ್ದೇನೆ, ಆದರೆ ಯಾವಾಗಲೂ ನಡುವಿನಲ್ಲಿ ಎಲ್ಲೋ. ಅದು ಬಾಗಿಲು ಅಂತ ಗೊತ್ತೇ ಇರಲಿಲ್ಲ. ಕೊನೆಗೆ ಆರಿಯಾ ಮತ್ತೆ ಬಂತು, ಮುಗಿಯಿತು. ನನ್ನ ಕಿವಿ ಮಾತ್ರ ಮೂರನೆಯ ವೇರಿಯೇಷನ್‌ಗೆ ಕಾಯುತ್ತಾ ಕೂತಿತ್ತು. ಬರಲಿಲ್ಲ. ಸ್ವಲ್ಪ ಹೊತ್ತು ಕತ್ತಲಲ್ಲಿ ಸುಮ್ನೆ ಕೂತೆ.

1955ರದು ಕೇಳಿದೆ. ನಗು ಬಂತು, ಇಷ್ಟು ಆತುರ ಯಾಕಪ್ಪಾ ಅಂತ. 25ನೆಯದರ ಬಗ್ಗೆ ಹಳೇತಟ್ಟೆ ಅವರ ಪಕ್ಷ. ಪೆರಾಯಾ ಇನ್ನೂ ಅರ್ಧದಲ್ಲಿದ್ದೇನೆ. ಎರಡನೆಯ ಸಲ ಬರುವಾಗ ಎಡಗೈ ಕೇಳಿ ಅಂದಿರಿ, ಈಗ ಎಡಗೈ ಬಿಟ್ಟು ಬೇರೇನೂ ಕೇಳಿಸುವುದೇ ಇಲ್ಲ. ಆಂತಾಯ್ ವಾಲ್ಯೂಮ್ ಇಳಿಸಿ ಹಾಕಿದೆ. ಮೊಳೆ ಹೋಯಿತು, ಡಬ್ಬ ಸ್ವಲ್ಪ ಉಳಿದಿದೆ. 16ನೆಯದರವರೆಗೆ ಬಂದಿದ್ದೇನೆ, ನಾಲ್ಕು ನಿಮಿಷಕ್ಕಿಂತ ಜಾಸ್ತಿ ಅಲ್ವಾ?

ನಿನ್ನೆ ರಾತ್ರಿ ಹೈಡನ್. ನಾಲ್ಕನೆಯ ಭಾಗ ಮುಗಿಯಿತು ಅಂತ ಕೈ ಎತ್ತಿದೆ, ಮತ್ತೆ ಶುರುವಾಯಿತು. ಮತ್ತೆ ನಿಂತಿತು, ಮತ್ತೆ ಶುರು. ಮೂರನೆಯ ಸಲಕ್ಕೆ ನಗುತ್ತಿದ್ದೆ. ಆಮೇಲೆ ನಿಜವಾಗಿ ನಿಂತುಹೋಯಿತು, ಏನೂ ಇಲ್ಲ. ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಮೇಜಿನ ಮೇಲಿಂದ ಸೊಳ್ಳೆಯಷ್ಟು ಸಣ್ಣಗೆ ಅದೇ ರಾಗ ಇನ್ನೊಂದು ಸಲ ಬಂತು.